‘ಫಾಸ್ಟ್’ ಎಂಬ ಪದದ ಮೂಲಕ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪರೀಕ್ಷೆ

ನಿಘಂಟೊಂದರ ಯೋಗ್ಯತೆಯನ್ನು ಅದರಲ್ಲಿರುವ ಅಪರೂಪದ ಪದಗಳ ಸಂಖ್ಯೆಯಿಂದ ಅಳೆಯುವವರು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ನಿಘಂಟಿನ ಕಸುವು ತಿಳಿಯುವುದು ಎಲ್ಲರಿಗೂ ಗೊತ್ತಿರುವ, ಆದ್ದರಿಂದಲೇ ಯಾರೂ ತೆರೆದು ನೋಡದ ಪದಗಳಲ್ಲಿ. ಇಂಗ್ಲಿಷಿನ ‘ಫಾಸ್ಟ್’ ಅಂಥದೊಂದು ಪದ. ವೇಗವಾದದ್ದು ಎಂಬ ಅದರ ಅರ್ಥ ಇಂಗ್ಲಿಷ್ ಕಲಿಯಲು ತೊಡಗಿದ ಮಗುವಿಗೂ ಗೊತ್ತು. ಆದರೆ ಅಲುಗದೆ ಬಿಗಿಯಾಗಿ ನಿಂತದ್ದು ಎಂಬ ಅರ್ಥವೂ ಅದೇ ಪದಕ್ಕಿದೆ, ಉಪವಾಸ ಎಂಬ ಅರ್ಥವೂ ಇದೆ. ಒಂದು ಪದವು ಓಡುವುದನ್ನೂ ಓಡದೆ ನಿಲ್ಲುವುದನ್ನೂ ಒಟ್ಟಿಗೆ ಸೂಚಿಸಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಆನ್‌ಲೈನ್ ಆವೃತ್ತಿಯನ್ನು ನಾನು ಪರಿಶೀಲಿಸಿದ್ದೇನೆ. ಚಂದಾ ಕೊಟ್ಟು ಬಳಸಬೇಕಾದ ಈ ಸೇವೆ ಯಾರಿಗೆ ಉಪಯುಕ್ತ, ಯಾರಿಗೆ ಅನಗತ್ಯ ಎಂಬುದನ್ನು ಈ ಒಂದು ಪದವೇ ಸಾಕಷ್ಟು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಕಲಿಕೆಗಾಗಿ ರಚಿಸಿದ ಸಾಮಾನ್ಯ ನಿಘಂಟುಗಳು ಈ ಪದವನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಜೋಡಿಸುತ್ತವೆ. ವೇಗದ ಅರ್ಥ ಮೊದಲು ಬರುತ್ತದೆ. ಗಡಿಯಾರ ಮುಂದಿರುವುದು, ಬಣ್ಣ ಬಿಡದಿರುವುದು, ಭದ್ರವಾಗಿ ಕಟ್ಟಿರುವುದು ಮುಂತಾದವು ಕ್ರಮವಾಗಿ ಕೆಳಗೆ ಬರುತ್ತವೆ. ಉಪವಾಸಕ್ಕೆ ಬೇರೆಯೇ ನಮೂದು ಇರುತ್ತದೆ. ಪತ್ರವೊಂದನ್ನು ಬರೆಯುವವರಿಗೋ ಪಾಠವೊಂದನ್ನು ಓದುವವರಿಗೋ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ, ಮತ್ತು ಆ ಕೆಲಸಕ್ಕೆ ಅಂಥ ನಿಘಂಟುಗಳೇ ಉತ್ತಮ. ಆದರೆ ಅವುಗಳನ್ನು ಎಷ್ಟು ಸಲ ಓದಿದರೂ ಈ ಅರ್ಥಗಳಿಗೆ ಒಂದರೊಡನೊಂದು ಸಂಬಂಧವಿದೆಯೇ, ಅಥವಾ ಉಚ್ಚಾರಣೆ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳು ಇವೆಯೇ ಎಂಬುದು ತಿಳಿಯುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಹಿಡಿದಿರುವ ದಾರಿ ಇದಕ್ಕೆ ವಿರುದ್ಧವಾದದ್ದು. ಅದು ಅರ್ಥಗಳನ್ನು ಹುಟ್ಟಿದ ಕ್ರಮದಲ್ಲಿ ಜೋಡಿಸುತ್ತದೆ. ಪ್ರತಿಯೊಂದು ಅರ್ಥದ ಕೆಳಗೂ ಅದನ್ನು ಬಳಸಿದ ಹಳೆಯ ವಾಕ್ಯಗಳನ್ನು ವರ್ಷ ಸಹಿತ ಕೊಡುತ್ತದೆ. ಈ ಯೋಜನೆಯ ಬೀಜ ಬಿದ್ದದ್ದು 1857ರಲ್ಲಿ, ಲಂಡನ್ನಿನ ಫಿಲಾಲಾಜಿಕಲ್ ಸೊಸೈಟಿಯಲ್ಲಿ. ಜೇಮ್ಸ್ ಮರ್‍ರೆ 1879ರಲ್ಲಿ ಸಂಪಾದಕತ್ವ ವಹಿಸಿಕೊಂಡ ಮೇಲೆ ಇಂಗ್ಲಿಷ್ ಓದುವ ಎಲ್ಲರಿಗೂ ಒಂದು ಮನವಿ ಹೊರಡಿಸಿದರು: ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಆಯ್ದು, ಒಂದೊಂದು ಚೀಟಿಯಲ್ಲಿ ಒಂದೊಂದು ಪದ, ಅದರ ವಾಕ್ಯ, ಪುಸ್ತಕದ ಹೆಸರು ಮತ್ತು ವರ್ಷ ಬರೆದು ಕಳುಹಿಸಿ ಎಂದು. ಮೊದಲ ಕಂತು 1884ರಲ್ಲಿ ಹೊರಬಂದು, ಕೊನೆಯ ಕಂತು 1928ರಲ್ಲಿ ಮುಗಿಯಿತು. ‘ಫಾಸ್ಟ್’ ಸೇರಿರುವ ಅಕ್ಷರ ಇನ್ನೊಬ್ಬ ಸಂಪಾದಕ ಹೆನ್ರಿ ಬ್ರಾಡ್ಲಿಯವರ ಪಾಲಿಗೆ ಬಂದಿತ್ತು. 1989ರಲ್ಲಿ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಪ್ರಕಟವಾಯಿತು. 2000ದಿಂದ ಅದು ಆನ್‌ಲೈನ್‌ನಲ್ಲಿ ದೊರೆಯುತ್ತಿದೆ, ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆಯೂ ಅಲ್ಲಿಯೇ ನಡೆಯುತ್ತಿದೆ.

ಸಾಮಾನ್ಯ ಪದದಿಂದಲೇ ಪರೀಕ್ಷಿಸಬೇಕು ಎಂದು ನಾನು ಹೇಳುವುದಕ್ಕೆ ಈ ಚರಿತ್ರೆಯಲ್ಲೇ ಆಧಾರವಿದೆ. ಚೀಟಿ ಬರೆದು ಕಳುಹಿಸಿದ ಸ್ವಯಂಸೇವಕರಿಗೆ ಕಣ್ಣಿಗೆ ಬಿದ್ದದ್ದು ವಿಚಿತ್ರ ಪದಗಳೇ ಹೊರತು ದಿನಬಳಕೆಯ ಪದಗಳಲ್ಲ. ಈಗ ಬಳಕೆ ತಪ್ಪಿಹೋಗಿರುವ ‘ಅಬ್ಯೂಶನ್’ ಎಂಬ ಪದಕ್ಕೆ ಸುಮಾರು 50 ಚೀಟಿಗಳು ಬಂದಿದ್ದರೆ, ಎಲ್ಲರೂ ಬಳಸುವ ‘ಅಬ್ಯೂಸ್’ಗೆ ಐದೂ ಬಂದಿರಲಿಲ್ಲ ಎಂದು ಮರ್‍ರೆ ಹೇಳಿಕೊಂಡಿದ್ದಾರೆ. ಎಲ್ಲರೂ ಬಳಸುವ ಪದಗಳ ವಾಕ್ಯಗಳನ್ನು ಸಂಪಾದಕರೂ ಅವರ ಸಹಾಯಕರೂ ಪುಸ್ತಕಗಳಲ್ಲಿ ತಾವೇ ಹುಡುಕಿ ತುಂಬಬೇಕಾಯಿತು. ಸಣ್ಣ ಪದದ ನಮೂದು ದೊಡ್ಡ ಪದದ ನಮೂದಿಗಿಂತ ಹೆಚ್ಚು ಶ್ರಮವನ್ನು ಬೇಡುತ್ತದೆ. ಓದುಗನಿಗೆ ಆ ಶ್ರಮದ ಫಲವೂ ಅಲ್ಲಿಯೇ ಹೆಚ್ಚಾಗಿ ದೊರೆಯುತ್ತದೆ.

ಈಗ ಪದಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ‘ಫ್ಯಾಸ್ಟ್’ ಎಂದರೆ ಗಟ್ಟಿಯಾಗಿ ನೆಲೆಗೊಂಡದ್ದು, ಭದ್ರವಾದದ್ದು, ಕದಲದ್ದು ಎಂದಷ್ಟೇ ಅರ್ಥ. ಜರ್ಮನ್ನಿನ ‘ಫೆಸ್ಟ್’, ಡಚ್ಚಿನ ‘ವಾಸ್ಟ್’, ಸ್ಕ್ಯಾಂಡಿನೇವಿಯದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನ ‘ಫಾಸ್ಟರ್’ ಇವೆಲ್ಲ ಅದರ ಜ್ಞಾತಿಪದಗಳು, ಅಂದರೆ ಒಂದೇ ಮೂಲದಿಂದ ಬಂದ ಪದಗಳು, ಎಲ್ಲದರಲ್ಲೂ ಮೂಲಾರ್ಥ ಬಿಗಿತವೇ. ಇಂದಿನ ಇಂಗ್ಲಿಷಿನಲ್ಲಿ ಈ ಹಳೆಯ ಅರ್ಥ ಅಳಿದುಹೋಗಿಲ್ಲ. ನಾವು ಗಮನಿಸುವುದಿಲ್ಲ ಅಷ್ಟೇ. ಬಾಗಿಲಿನ ಅಗುಳಿಯನ್ನೋ ಸೀಟಿನ ಬೆಲ್ಟನ್ನೋ ಭದ್ರಪಡಿಸುವ ‘ಫಾಸನ್’ ಎಂಬ ಕ್ರಿಯಾಪದ ಇದರಿಂದಲೇ ಬಂದದ್ದು. ದೃಢನಿಷ್ಠೆಯ ‘ಸ್ಟೆಡ್‌ಫಾಸ್ಟ್’, ತೊಳೆದರೂ ಬಿಡದ ಬಣ್ಣದ ‘ಕಲರ್‌ಫಾಸ್ಟ್’, ದುರ್ಗಮವಾದ ಕೋಟೆಯನ್ನು ಸೂಚಿಸುವ ‘ಫಾಸ್ಟ್‌ನೆಸ್’ ಕೂಡ ಅದೇ ಕುಲದವು. ಹಡಗನ್ನು ದಡಕ್ಕೆ ಬಿಗಿಯುವ ಹಗ್ಗಕ್ಕೂ ‘ಫಾಸ್ಟ್’ ಎಂಬ ಹೆಸರಿದೆ. ಶೀತವಲಯದ ಸಮುದ್ರಗಳಲ್ಲಿ ದಂಡೆಗೆ ಅಂಟಿಕೊಂಡು, ಅಲೆಗಳೊಂದಿಗೆ ತೇಲಿಹೋಗದೆ ನಿಲ್ಲುವ ಹಿಮದ ಹಾಸನ್ನು ವಿಜ್ಞಾನಿಗಳು ಇಂದಿಗೂ ‘ಫಾಸ್ಟ್ ಐಸ್’ ಎಂದು ಕರೆಯುತ್ತಾರೆ. ಪದವನ್ನು ವೇಗದ ಅರ್ಥದಲ್ಲಿ ಮಾತ್ರ ಬಲ್ಲವರು ಇದನ್ನು ಓದಿದರೆ ನೇರವಾಗಿ ವಿರುದ್ಧಾರ್ಥವನ್ನೇ ಗ್ರಹಿಸುತ್ತಾರೆ.

ಇವುಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ನಾಚಿಕೆಯನ್ನು ಸೂಚಿಸುವ ‘ಶೇಮ್‌ಫೇಸ್ಡ್’ ಎಂಬ ಪದ. ಅದರ ಹಳೆಯ ರೂಪ ‘ಶೇಮ್‌ಫಾಸ್ಟ್’, ಅಂದರೆ ಲಜ್ಜೆಯಲ್ಲಿ ನೆಲೆನಿಂತವರು, ಸಂಕೋಚ ಸ್ವಭಾವದವರು. ಕಾಲಕ್ರಮದಲ್ಲಿ ‘ಫಾಸ್ಟ್’ನ ಬಿಗಿತದ ಅರ್ಥ ಜನರ ಕಿವಿಗೆ ಮಸುಕಾದಾಗ, ನಾಚಿಕೆ ಕಾಣಿಸಿಕೊಳ್ಳುವುದು ಮುಖದಲ್ಲಿ ತಾನೆ ಎಂಬ ತರ್ಕದಿಂದ ಪದದ ಎರಡನೆಯ ಭಾಗ ಮುಖವಾಗಿ ಮಾರ್ಪಟ್ಟಿತು. ಒಂದು ಅರ್ಥ ಹಿಂದೆ ಸರಿಯುತ್ತಿದ್ದ ಕಾಲದ ಗುರುತು ಹೀಗೆ ಇನ್ನೊಂದು ಪದದ ರೂಪದಲ್ಲಿ ಉಳಿದುಕೊಂಡಿದೆ. ಇಂಥ ಅಡ್ಡಸಂಬಂಧಗಳನ್ನು ಒಂದು ನಮೂದಿನಿಂದ ಇನ್ನೊಂದಕ್ಕೆ ಹೋಗುತ್ತ ಕಾಣಬಹುದಾಗಿರುವುದು ಆನ್‌ಲೈನ್ ಆವೃತ್ತಿಯ ದೊಡ್ಡ ಅನುಕೂಲ. ಮುದ್ರಿತ ಸಂಪುಟಗಳಲ್ಲಾದರೆ ಇದಕ್ಕಾಗಿ ಮೂರು ನಾಲ್ಕು ಸಂಪುಟಗಳನ್ನು ಮೇಜಿನ ಮೇಲೆ ತೆರೆದಿಡಬೇಕಾಗುತ್ತದೆ.

ಬಿಗಿತದಿಂದ ವೇಗಕ್ಕೆ ದಾಟಿದ್ದು ಹೇಗೆ? ಇದಕ್ಕೆ ಉತ್ತರ ವಿಶೇಷಣದಲ್ಲಿಲ್ಲ, ಕ್ರಿಯಾವಿಶೇಷಣದಲ್ಲಿದೆ. ನಿಘಂಟು ಇವೆರಡಕ್ಕೂ ಪ್ರತ್ಯೇಕ ನಮೂದುಗಳನ್ನು ಕೊಟ್ಟಿರುವುದು ಎಷ್ಟು ಸರಿಯಾದ ನಿರ್ಧಾರ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ. ಗಟ್ಟಿಯಾಗಿ ಹಿಡಿ, ಬಿಗಿಯಾಗಿ ಕಟ್ಟು ಎನ್ನುವಾಗ ಕ್ರಿಯಾವಿಶೇಷಣವಾಗಿ ಬರುತ್ತಿದ್ದ ಈ ಪದ, ಮಧ್ಯಕಾಲದ ಇಂಗ್ಲಿಷಿನಲ್ಲಿ ಹೊಡೆದಾಡುವುದು, ಬೇಡಿಕೊಳ್ಳುವುದು ಮುಂತಾದ ಕ್ರಿಯೆಗಳೊಂದಿಗೂ ಬರತೊಡಗಿತು. ಅಲ್ಲಿ ಅದರ ಅರ್ಥ ಬಲವಾಗಿ, ಹುರುಪಿನಿಂದ, ಬಿಡದೆ ಎಂದಾಯಿತು. ಬಿಡದೆ, ಬಲವಾಗಿ ಓಡುವವನು ವೇಗವಾಗಿಯೇ ಓಡುತ್ತಾನೆ. ಆದ್ದರಿಂದ ಓಡುವುದು, ಸವಾರಿ ಮಾಡುವುದು ಮುಂತಾದ ಕ್ರಿಯೆಗಳೊಂದಿಗೆ ಬಂದಾಗ ಬಲದ ಅರ್ಥವೂ ವೇಗದ ಅರ್ಥವೂ ಬೇರ್ಪಡಿಸಲಾಗದಷ್ಟು ಒಂದಾಗಿ, ಕೊನೆಗೆ ವೇಗವೇ ಉಳಿಯಿತು. ಇಂಗ್ಲಿಷಿನಲ್ಲಿ ಇಂದಿಗೂ ಕಠಿಣ ಎಂಬರ್ಥದ ‘ಹಾರ್ಡ್’ ಪದವನ್ನು ಓಟದೊಂದಿಗೆ ಬಳಸಿದರೆ ವೇಗವೆಂದೇ ಅರ್ಥವಾಗುತ್ತದೆ ಎಂಬುದು ಈ ವಿವರಣೆಗೆ ಪ್ರಬಲ ಸಮರ್ಥನೆ. ಹಳೆಯ ನಾರ್ಸ್ ಭಾಷೆಯಲ್ಲಿಯೂ ಇದೇ ಪದ ಬಿರುಸಾಗಿ ಕುಡಿಯುವುದು ಎಂಬಂಥ ಪ್ರಯೋಗಗಳಲ್ಲಿ ಬರುತ್ತಿತ್ತು, ಆದ್ದರಿಂದ ಸ್ಕ್ಯಾಂಡಿನೇವಿಯದ ಪ್ರಭಾವ ಇದಕ್ಕೆ ಒತ್ತಾಸೆಯಾಗಿದ್ದಿರಬಹುದು ಎಂದು ವಿದ್ವಾಂಸರು ಭಾವಿಸುತ್ತಾರೆ.

ಇನ್ನೊಂದು ವಿವರಣೆಯೂ ಇದೆ. ಬಿಗಿಯಾಗಿ ಅಂಟಿಕೊಂಡದ್ದು ಹತ್ತಿರವಾಗಿಯೂ ಇರುತ್ತದೆ. ಬೆನ್ನಟ್ಟುವವನು ಮುಂದಿರುವವನಿಗೆ ಅಂಟಿಕೊಂಡಂತೆ ಓಡಬೇಕಾದರೆ ವೇಗ ಬೇಕು. ಹೀಗೆ ಸಾಮೀಪ್ಯದ ಮೂಲಕ ವೇಗದ ಅರ್ಥ ಬಂದಿರಬಹುದು ಎಂಬುದು ಆ ವಾದ. ಸಾಮೀಪ್ಯದ ಅರ್ಥ ಇಂಗ್ಲಿಷಿನಲ್ಲಿ ಇದ್ದದ್ದಂತೂ ನಿಜ. ಮಿಲ್ಟನ್ 1667ರ ತನ್ನ ಮಹಾಕಾವ್ಯದ ಆರಂಭದಲ್ಲಿಯೇ ದೇವಸನ್ನಿಧಿಯ ಪಕ್ಕದಲ್ಲಿ ಹರಿಯುವ ತೊರೆಯನ್ನು ವರ್ಣಿಸುವಾಗ ‘ಫಾಸ್ಟ್ ಬೈ’ ಎನ್ನುತ್ತಾನೆ. ಅಲ್ಲಿ ಹೇಳಿರುವುದು ತೊರೆಯ ರಭಸವನ್ನಲ್ಲ, ಅದು ಒತ್ತಿನಲ್ಲೇ ಹರಿಯುತ್ತದೆ ಎಂಬುದನ್ನು. ಜರ್ಮನ್ನಿನ ‘ಫಾಸ್ಟ್’ ಎಂಬ ಪದಕ್ಕೆ ಇಂದು ಬಹುಮಟ್ಟಿಗೆ, ಇನ್ನೇನು ಎಂಬ ಅರ್ಥವಿರುವುದೂ ಬಿಗಿತದಿಂದ ಸಾಮೀಪ್ಯಕ್ಕೆ ಬಂದ ಇಂಥದೇ ಪಯಣದ ಫಲ. ಸ್ಥಿರ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಜರ್ಮನ್ನಿನ ‘ಫಿಕ್ಸ್’ ಕೂಡ ಚುರುಕು ಎಂಬ ಅರ್ಥವನ್ನು ಪಡೆದುಕೊಂಡಿದೆ. ಇವೆರಡರಲ್ಲಿ ನನಗೆ ಮೊದಲ ವಿವರಣೆಯೇ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದಕ್ಕೆ ಕಲ್ಪನೆಯ ಬೆನ್ನಟ್ಟುವಿಕೆ ಬೇಕಿಲ್ಲ. ಪದ ಯಾವ ಕ್ರಿಯೆಗಳೊಂದಿಗೆ ಬರುತ್ತಿತ್ತು ಎಂಬುದನ್ನು ಗಮನಿಸಿದರೆ ಸಾಕು.

ವಿಶೇಷಣಕ್ಕೆ ವೇಗದ ಅರ್ಥ ಬಂದದ್ದು ಇದಾದ ಬಹುಕಾಲದ ನಂತರ, 16ನೆಯ ಶತಮಾನದ ಹೊತ್ತಿಗೆ. ಮೊದಲು ಕುದುರೆಯ ಓಟ ವೇಗವಾಯಿತು, ಆಮೇಲೆ ಕುದುರೆಯೇ ವೇಗದ ಕುದುರೆಯಾಯಿತು. ಗಡಿಯಾರ ಮುಂದೋಡುವುದು, ಅಂಕೆಯಿಲ್ಲದ ಭೋಗಜೀವನ, ಕಡಿಮೆ ಬೆಳಕಿನಲ್ಲೂ ಚಿತ್ರ ಮೂಡಿಸುವ ಛಾಯಾಗ್ರಹಣದ ಫಿಲ್ಮು ಇವೆಲ್ಲ ಆ ಬಳಿಕದ ಕೊಂಬೆಗಳು.

ಹಳೆಯ ಅರ್ಥ ಎಷ್ಟು ಜೀವಂತವಾಗಿತ್ತು ಎಂಬುದಕ್ಕೆ 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಸಾಕಷ್ಟು ಸಾಕ್ಷಿಗಳಿವೆ. ಸೆರೆಮನೆಯ ಅಧಿಕಾರಿಯು ಪೌಲ ಮತ್ತು ಸೀಲರ ಕಾಲುಗಳನ್ನು ಕೊರಡಿಗೆ ಬಿಗಿಸುವ ಪ್ರಸಂಗದಲ್ಲಿ ಬರುವುದು ಇದೇ ಪದ. ಒಳ್ಳೆಯದನ್ನು ಬಿಗಿಯಾಗಿ ಹಿಡಿದುಕೊಳ್ಳಿರಿ ಎಂಬ ಉಪದೇಶದಲ್ಲಿ ಬರುವುದೂ ಇದೇ. ಬಿರುಗಾಳಿಗೆ ಸಿಕ್ಕ ಹಡಗಿನ ಒಳಗೆ ಯೋನನು ಗಾಢ ನಿದ್ರೆಯಲ್ಲಿದ್ದ ಎನ್ನುವಲ್ಲಿಯೂ ಇದೇ. ಇಂಗ್ಲಿಷಿನವರು ಇಂದಿಗೂ ಗಾಢ ನಿದ್ರೆಯನ್ನು ‘ಫಾಸ್ಟ್ ಅಸ್ಲೀಪ್’ ಎನ್ನುವುದರಲ್ಲಿ ವೇಗದ ಸುಳಿವಿಲ್ಲ, ನಿದ್ರೆಯ ಬಿಗಿಹಿಡಿತವಿದೆ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಫಾಸ್ಟ್ ಅಂಡ್ ಲೂಸ್’ ಎಂಬುದು ಆ ಕಾಲದ ಒಂದು ಮೋಸದ ಆಟದ ಹೆಸರು. ಆಟಗಾರ ಒಂದು ಚರ್ಮದ ಪಟ್ಟಿಯನ್ನು ಹಲವು ಸುತ್ತು ಮಡಚಿ ಮೇಜಿನ ಮೇಲಿಡುತ್ತಿದ್ದ. ಪಂದ್ಯ ಕಟ್ಟಿದವನು ಮಡಿಕೆಯ ನಡುವೆ ಕಡ್ಡಿ ಚುಚ್ಚಿ ಪಟ್ಟಿ ಮೇಜಿಗೆ ಸಿಕ್ಕಿಕೊಂಡಿತು ಎಂದುಕೊಳ್ಳುತ್ತಿದ್ದ. ಆಟಗಾರ ಎರಡು ತುದಿಗಳನ್ನು ಹಿಡಿದು ಎಳೆದರೆ ಅದು ಸಲೀಸಾಗಿ ಬಿಡಿಸಿಕೊಂಡು ಬರುತ್ತಿತ್ತು. ಮಾತಿಗೆ ನಿಲ್ಲದ ನಡತೆಗೆ ಆ ಹೆಸರೇ ನುಡಿಗಟ್ಟಾಗಿ ಉಳಿಯಿತು. ಇದರಲ್ಲಿ ‘ಫಾಸ್ಟ್’ ಎಂದರೆ ಸಿಕ್ಕಿಕೊಂಡದ್ದು ಎಂದು ತಿಳಿಯದಿದ್ದರೆ ನುಡಿಗಟ್ಟು ಅರ್ಥವಾಗುವುದೇ ಇಲ್ಲ.

ಉಪವಾಸವೂ ಇದೇ ಬೇರಿನದು. ಗಾಥಿಕ್ ಭಾಷೆಯ ‘ಫಾಸ್ಟಾನ್’ ಎಂಬ ಕ್ರಿಯಾಪದಕ್ಕೆ ಕಾಪಾಡಿಕೊಳ್ಳು, ಪಾಲಿಸು ಎಂಬ ಅರ್ಥಗಳೂ ಉಪವಾಸವಿರು ಎಂಬ ಅರ್ಥವೂ ಇದ್ದವು. ನಿಯಮವನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ಆಹಾರವನ್ನು ತ್ಯಜಿಸುವುದಾಯಿತು. ಆ ನಿಯಮವನ್ನು ಮುರಿಯುವ ಊಟಕ್ಕೆ ‘ಬ್ರೇಕ್‌ಫಾಸ್ಟ್’ ಎಂಬ ಹೆಸರು 15ನೆಯ ಶತಮಾನದಿಂದ ದಾಖಲಾಗಿದೆ.

ಒಂದೇ ಪದದ ಮೇಲೆ ತೀರ್ಪು ಕೊಡುವುದು ಸರಿಯಲ್ಲವೆಂದು ‘ಕ್ವಿಕ್’ ಮತ್ತು ‘ಸ್ಪೀಡ್’ ಎಂಬ ಪದಗಳನ್ನೂ ಇದೇ ರೀತಿಯಲ್ಲಿ ನೋಡಿದೆ. ‘ಕ್ವಿಕ್’ ಎಂದರೆ ಮೂಲದಲ್ಲಿ ಜೀವಂತ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ನಮ್ಮ ‘ಜೀವ’, ಲ್ಯಾಟಿನ್ನಿನ ‘ವೀವುಸ್’ ಮತ್ತು ಗ್ರೀಕಿನ ‘ಬಿಯೋಸ್’ ಇವು ಅದರೊಂದಿಗೆ ಒಂದೇ ಮೂಲದಿಂದ ಬಂದವು. ಪಾದರಸವನ್ನು ಇಂಗ್ಲಿಷಿನಲ್ಲಿ ‘ಕ್ವಿಕ್‌ಸಿಲ್ವರ್’ ಎಂದು ಕರೆದದ್ದು ಅದು ಜೀವವಿರುವ ಬೆಳ್ಳಿಯಂತೆ ಚಲಿಸುತ್ತದೆಂದು. ಲ್ಯಾಟಿನ್ನಿನ ಹೆಸರಿಗೂ ಅದೇ ಅರ್ಥವಿತ್ತು. ಉಗುರಿನ ಅಡಿಯ ಸೂಕ್ಷ್ಮವಾದ ಮಾಂಸಕ್ಕೂ, ಗರ್ಭಿಣಿಗೆ ಮಗುವಿನ ಮೊದಲ ಮಿಸುಕಾಟ ತಿಳಿಯುವುದಕ್ಕೂ ಇದೇ ಪದದ ರೂಪಗಳಿವೆ. ಜೀವವಿರುವುದು ಚಲಿಸುತ್ತದೆ, ಚುರುಕಾಗಿರುತ್ತದೆ. ಇಲ್ಲಿ ವೇಗಕ್ಕೆ ಬರುವ ದಾರಿ ನೇರವಾಗಿದೆ, ಹೆಚ್ಚು ವಿವರಣೆ ಬೇಕಿಲ್ಲ.

‘ಸ್ಪೀಡ್’ ಮಾತ್ರ ನಿಂತು ಓದಬೇಕಾದ ನಮೂದು. ಹಳೆಯ ಇಂಗ್ಲಿಷಿನಲ್ಲಿ ‘ಸ್ಪೇಡ್’ ಎಂದರೆ ಯಶಸ್ಸು, ಏಳಿಗೆ. ಬೆಳೆಯುವುದನ್ನು ಸೂಚಿಸುವ ಸಂಸ್ಕೃತದ ‘ಸ್ಫಾಯತೇ’ ಎಂಬ ಕ್ರಿಯಾಪದವನ್ನು ವಿದ್ವಾಂಸರು ಅದರ ದೂರದ ನೆಂಟನೆಂದು ಗುರುತಿಸುತ್ತಾರೆ. 1611ರ ಬೈಬಲ್‌ನಲ್ಲಿ, ಇಸಾಕನಿಗೆ ಹೆಣ್ಣು ಹುಡುಕಲು ಹೋದ ಅಬ್ರಹಾಮನ ಸೇವಕ ಬಾವಿಯ ಬಳಿ ನಿಂತು ದೇವರಲ್ಲಿ ಒಳ್ಳೆಯ ‘ಸ್ಪೀಡ್’ ಬೇಡುತ್ತಾನೆ. ಅವನು ಅವಸರದಲ್ಲಿಲ್ಲ. ಬಂದ ಕೆಲಸ ಕೈಗೂಡಲಿ ಎಂಬುದು ಅವನ ಪ್ರಾರ್ಥನೆ. ಪಯಣ ಹೊರಟವರಿಗೆ ಹೇಳುತ್ತಿದ್ದ ‘ಗಾಡ್‌ಸ್ಪೀಡ್’ ಕೂಡ ದೇವರು ನಿನ್ನನ್ನು ಬೇಗ ಮುಟ್ಟಿಸಲಿ ಎಂಬ ಹಾರೈಕೆಯಲ್ಲ, ದೇವರು ನಿನಗೆ ಗೆಲುವು ಕೊಡಲಿ ಎಂಬ ಹಾರೈಕೆ. ಅವಸರ ಹೆಚ್ಚಾದಷ್ಟೂ ‘ಸ್ಪೀಡ್’ ಕಡಿಮೆ ಎಂಬ ಇಂಗ್ಲಿಷ್ ಗಾದೆ ಇಂದಿನ ಅರ್ಥದಲ್ಲಿ ಓದಿದರೆ ತೊಡಕಾಗಿ ಕಾಣುತ್ತದೆ. ಕೆಲಸ ಕೆಡುತ್ತದೆ ಎಂಬ ಹಳೆಯ ಅರ್ಥದಲ್ಲಿ ಓದಿದರೆ ತಿಳಿಯಾಗುತ್ತದೆ. ಅರ್ಥವನ್ನು ಮಾತ್ರ ಕೊಡುವ ನಿಘಂಟಿನಿಂದ ಇಂಥ ಬೆಳಕು ಸಿಗುವುದಿಲ್ಲ. ಹಳೆಯ ಇಂಗ್ಲಿಷ್ ಪಠ್ಯಗಳನ್ನು ಕನ್ನಡಿಸುವವರಿಗೆ ಇದು ಕೇವಲ ಕುತೂಹಲದ ವಿಷಯವೂ ಅಲ್ಲ: ಅಬ್ರಹಾಮನ ಸೇವಕನ ಬಾಯಲ್ಲಿ ವೇಗದ ಮಾತು ಹಾಕಿದರೆ ಇಡೀ ಪ್ರಸಂಗವೇ ಕೆಡುತ್ತದೆ.

ಸೇವೆಯ ಇನ್ನೊಂದು ಭಾಗವನ್ನು ಪ್ರತ್ಯೇಕವಾಗಿ ಹೊಗಳಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಕೈಗೆತ್ತಿಕೊಂಡು 2009ರಲ್ಲಿ ಪ್ರಕಟಿಸಿದ ಐತಿಹಾಸಿಕ ಪರ್ಯಾಯ ಪದಕೋಶವನ್ನು 2010ರಲ್ಲಿ ಈ ನಿಘಂಟಿನ ಆನ್‌ಲೈನ್ ಆವೃತ್ತಿಗೆ ಜೋಡಿಸಲಾಯಿತು. ನಿಘಂಟಿನಲ್ಲಿ ಪದದಿಂದ ಅರ್ಥಕ್ಕೆ ಹೋದರೆ, ಇದರಲ್ಲಿ ಅರ್ಥದಿಂದ ಪದಗಳಿಗೆ ಹೋಗಬಹುದು. ವೇಗ ಎಂಬ ಒಂದು ಭಾವನೆಗೆ ಇಂಗ್ಲಿಷ್ ಯಾವ ಯಾವ ಕಾಲದಲ್ಲಿ ಯಾವ ಯಾವ ಪದಗಳನ್ನು ಇಟ್ಟುಕೊಂಡಿತ್ತು ಎಂಬುದು ಕಾಲಕ್ರಮದಲ್ಲಿ ಕಣ್ಣೆದುರಿಗೆ ಬರುತ್ತದೆ: ಹಳೆಯ ಇಂಗ್ಲಿಷಿನಿಂದಲೂ ವೇಗದ ಅರ್ಥದಲ್ಲೇ ಇರುವ ‘ಸ್ವಿಫ್ಟ್’, ಕಸಿದುಕೊಳ್ಳುವುದನ್ನು ಸೂಚಿಸುವ ಲ್ಯಾಟಿನ್ ಧಾತುವಿನಿಂದ ಬಂದ ‘ರ್‍ಯಾಪಿಡ್’, ಬೇರೆಡೆಯಿಂದ ಬಂದು ನೆಲೆಸಿದ ‘ಫಾಸ್ಟ್’, ‘ಕ್ವಿಕ್’. ಅನುವಾದಕರಿಗೂ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೂ ಚಂದಾ ಸಾರ್ಥಕವೆನಿಸಲು ಇದೊಂದೇ ಸಾಕು ಎಂದು ನನ್ನ ದೃಢ ಅಭಿಪ್ರಾಯ.

ತೊಡಕುಗಳಿಲ್ಲದೆ ಇಲ್ಲ. ನಮೂದುಗಳು ದಟ್ಟವಾಗಿವೆ; ಸಂಕ್ಷೇಪಾಕ್ಷರಗಳಿಗೂ ಅರ್ಥಗಳ ಉಪವಿಭಾಗಗಳಿಗೂ ಒಗ್ಗಿಕೊಳ್ಳಲು ಸಮಯ ಬೇಕು. ಐತಿಹಾಸಿಕ ಕ್ರಮ ಅನುಸರಿಸುವುದರಿಂದ ಇಂದಿನ ಅರ್ಥವನ್ನು ತಲುಪುವ ಮೊದಲು ಬಹಳಷ್ಟು ಹಳೆಯ ಅರ್ಥಗಳನ್ನು ದಾಟಬೇಕು. ಪರಿಷ್ಕರಣೆ ಇನ್ನೂ ಮುಗಿದಿಲ್ಲದ ಕಾರಣ ಹೊಸದಾಗಿ ಬರೆದ ನಮೂದುಗಳ ಪಕ್ಕದಲ್ಲಿಯೇ ಹಳೆಯ ಆವೃತ್ತಿಯ ನಮೂದುಗಳೂ ಇರುತ್ತವೆ. ನಮೂದು ಯಾವ ಕಾಲದಲ್ಲಿ ಪರಿಷ್ಕಾರಗೊಂಡಿತು ಎಂಬ ಸೂಚನೆಯನ್ನು ನೋಡಿಕೊಂಡೇ ಅದರ ಮಾತನ್ನು ಉಲ್ಲೇಖಿಸುವುದು ಒಳ್ಳೆಯದು. ಪೂರ್ಣ ಬಳಕೆಗೆ ಚಂದಾ ಬೇಕು ಎಂಬುದೇ ಸಾಮಾನ್ಯ ಓದುಗರಿಗೆ ಮುಖ್ಯ ಅಡ್ಡಿ. ಆದರೆ ಅನೇಕ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ತಮ್ಮ ಸದಸ್ಯರಿಗೆ ಇದನ್ನು ಒದಗಿಸುತ್ತವೆ, ಸ್ವಂತಕ್ಕೆ ಚಂದಾ ಕಟ್ಟುವ ಮೊದಲು ಅಲ್ಲಿ ವಿಚಾರಿಸುವುದು ವಿವೇಕ.

ಚಂದಾ ಬೇಡವೆನ್ನುವವರಿಗೆ ಡಗ್ಲಸ್ ಹಾರ್ಪರ್ ರಚಿಸಿರುವ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಉಚಿತವಾಗಿ ದೊರೆಯುತ್ತದೆ. ‘ಫಾಸ್ಟ್’ನ ಬಗ್ಗೆ ಮೇಲೆ ಹೇಳಿದ ಎರಡೂ ವಿವರಣೆಗಳು, ಜ್ಞಾತಿಪದಗಳು, ಜರ್ಮನ್ನಿನ ‘ಫಿಕ್ಸ್’ನ ಹೋಲಿಕೆ ಎಲ್ಲವೂ ಅದರಲ್ಲಿ ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ವಿಷಯಕ್ಕೆ ಹೊಸಬರು ಮೊದಲು ಅದನ್ನೇ ಓದಬೇಕೆಂದು ಶಿಫಾರಸು ಮಾಡುತ್ತೇನೆ. ಅದು ತೀರ್ಮಾನಗಳನ್ನು ಸಂಗ್ರಹಿಸಿ ಕೊಡುತ್ತದೆ, ಆ ತೀರ್ಮಾನಗಳ ಹಿಂದಿರುವ ವಾಕ್ಯಗಳನ್ನು ಸಾಲಾಗಿ ಮುಂದಿಡುವುದು ಅದರ ಉದ್ದೇಶವಲ್ಲ. ಬಲದ ಅರ್ಥ ಎಲ್ಲಿ ವೇಗಕ್ಕೆ ಹೊರಳಿತು ಎಂಬುದನ್ನು ತಾವೇ ವಾಕ್ಯಗಳಲ್ಲಿ ಕಂಡು, ವಿದ್ವಾಂಸರ ವಿವರಣೆಯನ್ನು ಒಪ್ಪಬೇಕೋ ಬೇಡವೋ ಎಂದು ನಿರ್ಧರಿಸಬಯಸುವವರು ಆಕ್ಸ್‌ಫರ್ಡ್ ನಿಘಂಟಿಗೇ ಬರಬೇಕು. ಹಾಗೆ ಬಂದವರು ‘ಫಾಸ್ಟ್’ನ ವಿಶೇಷಣದ ನಮೂದನ್ನು ಆಮೇಲೆ ನೋಡಿದರೂ ಆದೀತು, ಕ್ರಿಯಾವಿಶೇಷಣದ ನಮೂದನ್ನು ಮೊದಲು, ಉಲ್ಲೇಖಗಳ ವರ್ಷಗಳನ್ನು ಗಮನಿಸುತ್ತ ಓದುವುದು ಮೇಲು.